ಕಿವಿಯೊಳಗಿನ ಮಾತು ನಿಂತ ಮೇಲೆ: ಮಲೆನಾಡಿನ ಒಂದು ಪ್ರಕರಣ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಸಮಾಜ ಕಾರ್ಯಕರ್ತೆಯಾಗಿ ನಾನು ಕೆಲಸ ಮಾಡಿದ ತಾಲ್ಲೂಕಿನ ಪ್ರಕರಣವಿದು. ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ಬೇರೆ ಒಂದೆರಡು ಮನೆಗಳಲ್ಲಿ ನಡೆದದ್ದನ್ನೂ ಇದರೊಳಗೇ ಸೇರಿಸಿದ್ದೇನೆ. ಆತ್ಮಹತ್ಯೆಯ ಯೋಚನೆಯ ಬಗ್ಗೆ ಇದರಲ್ಲಿ ಮಾತಿದೆ. ಓದುವಾಗ ಮನಸ್ಸಿಗೆ ಭಾರವೆನಿಸಿದರೆ ಇಲ್ಲಿಗೇ ನಿಲ್ಲಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

ಹಿನ್ನೆಲೆ

ಅಡಿಕೆ ತೋಟದ ಮನೆ. ತಾಯಿ, ಅಣ್ಣ, ಅತ್ತಿಗೆ, ಶಾಲೆಗೆ ಹೋಗುವ ಅಣ್ಣನ ಮಗಳು. ತಂದೆ ತೀರಿಕೊಂಡು ಬಹಳ ವರ್ಷಗಳಾಗಿವೆ. ಇಪ್ಪತ್ತೇಳರ ಆಸುಪಾಸಿನ ಎರಡನೇ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿದ್ದ. ಮನೆಗೆ ತಿಂಗಳು ತಿಂಗಳೂ ದುಡ್ಡು ಕಳಿಸುತ್ತಿದ್ದ. ತೋಟದ ಬೋರ್‌ವೆಲ್‌ಗೆ ಪಂಪು ಕೂರಿಸಿದ್ದು ಅವನ ಸಂಬಳದಲ್ಲೇ. ಆಮೇಲೆ ರೂಮಿನಲ್ಲಿದ್ದವರು ತನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಾರೆ ಎನ್ನತೊಡಗಿದ. ನಿದ್ದೆ ಹೋಯಿತು. ಕಿವಿಯಲ್ಲಿ ಗಂಡಸೊಬ್ಬನ ಮಾತು ಕೇಳತೊಡಗಿತು. ಕೆಲಸ ಬಿಟ್ಟು ಊರಿಗೆ ಬಂದ.

ಊರಿಗೆ ಬಂದ ಮೇಲೆ ಎರಡು ವರ್ಷ ಔಷಧಿಯಿಲ್ಲದೆ ಕಳೆಯಿತು. ಪ್ರಶ್ನೆ ಕೇಳಿಸಿದರು, ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಇದಕ್ಕಾಗಿ ನಾನು ಆ ತಾಯಿಯನ್ನು ದೂರುವುದಿಲ್ಲ. ಮಗನಿಗೆ ಹೀಗಾಗಿದೆ ಎಂದಾಗ ಅವರ ಸುತ್ತ ಇದ್ದವರೆಲ್ಲ ತೋರಿಸಿದ ದಾರಿ ಅದೊಂದೇ. ಕೊನೆಗೆ ಅವನು ಊಟ ಬಿಟ್ಟು ಕೋಣೆಯಿಂದ ಹೊರಗೆ ಬರದಂತಾದಾಗ, ಅಂಗನವಾಡಿ ಶಿಕ್ಷಕಿಯ ಮಾತು ಕೇಳಿ ಅಣ್ಣ ಅವನನ್ನು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕರೆದೊಯ್ದ. ಇಲ್ಲದ ಮಾತು ಕೇಳಿಸುವ, ಇಲ್ಲದ ಅನುಮಾನ ಹುಟ್ಟಿಸುವ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಎಂದು ಗುರುತಾಯಿತು. ಒಂದು ತಿಂಗಳು ದಾಖಲಾಗಿದ್ದ. ಅದನ್ನು ಹತೋಟಿಗೆ ತರುವ ರಿಸ್ಪೆರಿಡೋನ್ ಮಾತ್ರೆ ಕೊಟ್ಟರು. ಕಿವಿಯೊಳಗಿನ ಮಾತು ಮೊದಲು ಸಣ್ಣದಾಯಿತು, ಆಮೇಲೆ ನಿಂತೇಹೋಯಿತು.

ಬಿಡುಗಡೆಯ ಚೀಟಿಯಲ್ಲಿ 'ಲಕ್ಷಣಗಳು ಹತೋಟಿಗೆ ಬಂದಿವೆ, ಆತ್ಮಹತ್ಯೆಯ ಯೋಚನೆ ಇಲ್ಲ' ಎಂದು ಬರೆದಿತ್ತು. ಬರೆದ ದಿನಕ್ಕೆ ಅದು ನಿಜವೇ ಇದ್ದಿರಬೇಕು. ಮನೆಯಲ್ಲಿ ಹಬ್ಬದ ವಾತಾವರಣ. ಮಗ ಸ್ನಾನ ಮಾಡುತ್ತಾನೆ, ಕರೆದರೆ ಊಟಕ್ಕೆ ಬರುತ್ತಾನೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾನೆ. ನೆಂಟರು ಬಂದು ನೋಡಿಕೊಂಡು ಹೋದರು. 'ಇನ್ನೇನು, ಹುಷಾರಾದ' ಎಂದರು.

ಹುಷಾರಾದ ಹೊತ್ತಿನ ಅಪಾಯ

ಈ ಪ್ರಕರಣದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಸ್ಥಿತಿ) ಎಂದರೆ ಜನರಿಗೆ ಮೊದಲು ನೆನಪಾಗುವುದು ಕೂಗಾಟ, ಹೊಡೆದಾಟ. ಅಂಥವರಿಂದ ಬೇರೆಯವರಿಗೆ ಅಪಾಯ ಎಂಬ ಹೆದರಿಕೆ. ಆದರೆ ಅಪಾಯವಿರುವುದು ಹೆಚ್ಚಾಗಿ ಅವರ ಜೀವಕ್ಕೇ. ಸ್ಕಿಜೋಫ್ರೀನಿಯಾ ಇರುವವರಲ್ಲಿ ನೂರಕ್ಕೆ ಸುಮಾರು 5 ಮಂದಿ ಆತ್ಮಹತ್ಯೆಯಿಂದ ತೀರಿಕೊಳ್ಳುತ್ತಾರೆ. ಹಿಂದೆ 10 ಎನ್ನುತ್ತಿದ್ದರು. ರೋಗಿಗಳನ್ನು ಕಾಯಿಲೆಯ ಮೊದಲಿನಿಂದ ಗಮನಿಸಿದ ಅಧ್ಯಯನಗಳನ್ನೆಲ್ಲ ಸೇರಿಸಿ 2005ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಅದು 5ರ ಹತ್ತಿರಕ್ಕೆ ಬಂತು. ಕಡಿಮೆಯಾಯಿತೆಂದು ಸಮಾಧಾನ ಪಡುವಂಥ ಸಂಖ್ಯೆಯಲ್ಲ ಅದು. ಸಾಮಾನ್ಯ ಜನರಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದರಲ್ಲೂ ಹೆಚ್ಚಿನ ಸಾವುಗಳು ಕಾಯಿಲೆಯ ಮೊದಲ ಕೆಲವು ವರ್ಷಗಳಲ್ಲಿ ಮತ್ತು ಆಸ್ಪತ್ರೆಯಿಂದ ಮನೆಗೆ ಬಂದ ಹೊಸದರಲ್ಲಿ ಆಗುತ್ತವೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಾಯಿಲೆ ಜೋರಾಗಿದ್ದಾಗ ಮನುಷ್ಯ ತನ್ನದೇ ಲೋಕದಲ್ಲಿರುತ್ತಾನೆ. ಔಷಧಿ ನಾಟಿದ ಮೇಲೆ ಕಣ್ಣು ಬಿಟ್ಟು ನೋಡುತ್ತಾನೆ: ಕೆಲಸ ಹೋಗಿದೆ, ಜೊತೆಗೆ ಓದಿದವರಿಗೆ ಮದುವೆಯಾಗಿದೆ, ಅಣ್ಣ ಸಾಲ ಮಾಡಿದ್ದಾನೆ, ಊರಿನವರ ನೋಟ ಬದಲಾಗಿದೆ. ತನಗೆ ಏನಾಗಿತ್ತು ಎಂಬ ಅರಿವು ಬರುವುದು ಚಿಕಿತ್ಸೆಯ ಗೆಲುವು, ನಿಜ. ಆದರೆ ಓದಿಕೊಂಡಿದ್ದ, ದುಡಿದು ಗೊತ್ತಿದ್ದ, ತನ್ನ ಬಗ್ಗೆ ನಿರೀಕ್ಷೆ ಇಟ್ಟುಕೊಂಡಿದ್ದ ಹುಡುಗನಿಗೆ ಆ ಅರಿವು ಹತಾಶೆಯ ಜೊತೆಗೇ ಬರುತ್ತದೆ. ಸೈಕೋಸಿಸ್ ಇಳಿದ ಮೇಲೆ ಖಿನ್ನತೆ ಕಾಣಿಸಿಕೊಳ್ಳುವುದು ಅಪರೂಪವೂ ಅಲ್ಲ. ಮನೆಯವರು, ಆಸ್ಪತ್ರೆಯವರು, ನಮ್ಮಂಥವರು 'ಅಬ್ಬಾ' ಎಂದು ಉಸಿರು ಬಿಡುವುದೂ ಅದೇ ಹೊತ್ತಿನಲ್ಲಿ. ಆಸರೆ ಹೆಚ್ಚು ಬೇಕಾದಾಗಲೇ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದಿರುತ್ತೇವೆ.

ಜಗಲಿಯಲ್ಲಿ ಆಶಾ ಕಂಡದ್ದು

ಬಿಡುಗಡೆಯಾಗಿ ಮೂರನೇ ವಾರ. ಊರಿನ ಆಶಾ ಕಾರ್ಯಕರ್ತೆ ಅವರ ಮನೆಗೆ ಹೋದದ್ದು ಅತ್ತಿಗೆಯ ರಕ್ತಹೀನತೆಯ ಮಾತ್ರೆ ಕೊಡಲು. ಅಡಿಕೆ ಕೊಯ್ಲಿನ ಕಾಲ. ಜಗಲಿಯಲ್ಲಿ ಹೆಂಗಸರು ಸಾಲಾಗಿ ಕೂತು ಸುಲಿಯುತ್ತಿದ್ದರು. ಅವನು ಒಂದು ಮೂಲೆಯಲ್ಲಿ ಕೂತು ಎದ್ದ, ಅಂಗಳಕ್ಕೆ ಹೋಗಿ ಬಂದ, ಮತ್ತೆ ಕೂತ, ಮತ್ತೆ ಎದ್ದ. ಕೂತಾಗಲೂ ಎರಡೂ ಕಾಲು ನಿಲ್ಲುತ್ತಿರಲಿಲ್ಲ; ಹೆಬ್ಬೆರಳು ನೆಲ ಒರೆಸುತ್ತಲೇ ಇತ್ತು. ತಾಯಿ ಮೆಲ್ಲಗೆ ಹೇಳಿದರು: 'ಮತ್ತೆ ಶುರುವಾದ ಹಾಗೆ ಕಾಣ್ತದೆ ಮಾರಾಯ್ತಿ. ರಾತ್ರಿಯೆಲ್ಲ ಹೀಗೇ ತಿರುಗ್ತಾನೆ. ಮಾತ್ರೆ ಒಂದು ಜಾಸ್ತಿ ಕೊಡ್ಲಾ ಅಂತ.'

ಆಶಾ ಇನ್ನೊಂದು ವಿಷಯ ಗಮನಿಸಿದಳು. ಅವನು ಜೀವದಂತೆ ನೋಡಿಕೊಳ್ಳುತ್ತಿದ್ದ ಸ್ಪ್ಯಾನರ್ ಸೆಟ್ಟನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟಿದ್ದ. ಬ್ಯಾಂಕ್ ಪಾಸ್‌ಬುಕ್ಕನ್ನು ಅಣ್ಣನ ಕೈಗೆ ಕೊಟ್ಟು 'ಇದು ನಿನ್ನ ಹತ್ರವೇ ಇರ್ಲಿ' ಎಂದಿದ್ದನಂತೆ. ಮನೆಯವರಿಗೆ ಅದು ಜವಾಬ್ದಾರಿ ಬಂದಿರುವುದರ ಗುರುತಾಗಿ ಕಂಡಿತ್ತು.

ಬಾಣಂತಿ, ಲಸಿಕೆ, ಕ್ಷಯ, ಸರ್ವೆ ಎಂದು ದಿನವಿಡೀ ಓಡಾಡುವ ಹೆಣ್ಣುಮಗಳು ಅವಳು. ತರಬೇತಿಯಲ್ಲಿ ನಮ್ಮ ತಂಡ ಪದೇ ಪದೇ ಹೇಳಿದ್ದ ಒಂದು ಮಾತು ಅವಳಿಗೆ ನೆನಪಿತ್ತು: ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಕೇಳುವುದರಿಂದ ಎಷ್ಟೋ ಮಂದಿಗೆ ಹೊರೆ ಇಳಿದಂತಾಗುತ್ತದೆ. ನೀರು ಕೇಳುವ ನೆಪದಲ್ಲಿ ಅವನನ್ನು ಬಾವಿಕಟ್ಟೆಯ ಕಡೆ ಕರೆದುಕೊಂಡು ಹೋಗಿ, ಸುಲಿಯುವವರ ಕಿವಿಗೆ ಬೀಳದಂತೆ ಕೇಳಿದಳು. ಮಾತುಕತೆಯನ್ನು ಅವಳು ಆ ಸಂಜೆಯೇ ನನಗೆ ಫೋನಿನಲ್ಲಿ ಹೇಳಿದಳು.

'ನಿದ್ದೆ ಬರ್ತದಾ ತಮ್ಮಾ?'

'ಇಲ್ಲ ಅಕ್ಕ. ಕಾಲಲ್ಲಿ ಎಂತದೋ ಹರಿದ ಹಾಗೆ. ಕೂರಕ್ಕೂ ಆಗಲ್ಲ, ಮಲಗಕ್ಕೂ ಆಗಲ್ಲ.'

'ಇಷ್ಟೆಲ್ಲ ಕಷ್ಟ ಆದಾಗ ಬದುಕೋದೇ ಬೇಡ ಅನ್ನಿಸ್ತದಾ? ಸಾಯ್ಬೇಕು ಅಂತ ಯೋಚನೆ ಬರ್ತದಾ?'

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. 'ಬರ್ತದೆ. ಕಾಯಿಲೆ ಜೋರಿದ್ದಾಗ ಏನೂ ಗೊತ್ತಾಗ್ತಿರ್ಲಿಲ್ಲ ಅಕ್ಕ. ಈಗ ಎಲ್ಲ ಗೊತ್ತಾಗ್ತದೆ.'

ಅವಳು ಉಪದೇಶ ಮಾಡಲಿಲ್ಲ. 'ನಿನ್ನ ಅಮ್ಮನ ಮುಖ ನೋಡು' ಎನ್ನಲಿಲ್ಲ. ಸಾಂತ್ವನ ಎಂದುಕೊಂಡು ನಾವು ಆಡುವ ಇಂಥ ಮಾತು ತಪ್ಪಿತಸ್ಥ ಭಾವನೆಯನ್ನು ಇನ್ನಷ್ಟು ಹೇರುತ್ತದೆ. 'ಹೇಳಿದ್ದು ಒಳ್ಳೇದಾಯ್ತು. ಇವತ್ತು ರಾತ್ರಿ ನೀನು ಒಬ್ಬನೇ ಮಲಗೋದು ಬೇಡ. ಅಣ್ಣಂಗೆ ನಾನು ಹೇಳ್ಲಾ, ನೀನೇ ಹೇಳ್ತೀಯಾ?' ಎಂದಳು. 'ನೀನೇ ಹೇಳು' ಅಂದ. ಅವನ ಒಪ್ಪಿಗೆ ಕೇಳಿದ್ದೇ ಮುಂದಿನದಕ್ಕೆಲ್ಲ ತಳಪಾಯವಾಯಿತು ಎಂದು ನನ್ನ ನಂಬಿಕೆ.

ತಾಯಿ ಬಚ್ಚಿಟ್ಟಿದ್ದ ಸಂಗತಿ

ಮರುದಿನ ನಾನೂ ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿಯೂ ಮನೆಗೆ ಹೋದೆವು. ಅಡುಗೆಮನೆಯಲ್ಲಿ, ಒಲೆಯ ಮುಂದೆ, ತಾಯಿ ಅತ್ತುಕೊಂಡು ಹೇಳಿದರು: ಒಂದು ವರ್ಷದ ಹಿಂದೆಯೂ ಅವನು ಜೀವ ಕಳೆದುಕೊಳ್ಳಲು ಹೋಗಿದ್ದ. ಆಸ್ಪತ್ರೆಗೆ ದಾಖಲಿಸುವಾಗ ಡಾಕ್ಟರು ಕೇಳಿದ್ದರು. ಇವರು ಇಲ್ಲ ಎಂದಿದ್ದರು. 'ಪೊಲೀಸ್ ಕೇಸ್ ಆಗ್ತದೆ ಅಂತ ಹೆದರಿಕೆ ಮೇಡಂ. ಊರಲ್ಲಿ ಗೊತ್ತಾದ್ರೆ ನಾಳೆ ಮೊಮ್ಮಗಳಿಗೆ ಗಂಡು ಸಿಗೋದೂ ಕಷ್ಟ.'

ಮುಂದಿನ ಅಪಾಯವನ್ನು ಅಳೆಯಲು ಇರುವ ಗುರುತುಗಳಲ್ಲಿ ಹಿಂದಿನ ಪ್ರಯತ್ನದಷ್ಟು ತೂಕದ್ದು ಬೇರೆ ಇಲ್ಲವೆನ್ನಬಹುದು. ಆ ಸಂಗತಿಯೇ ಕಡತದಲ್ಲಿ ಇರಲಿಲ್ಲ. ಕಾನೂನಿನ ಹೆದರಿಕೆಗೆ ಈಗ ಆಧಾರವಿಲ್ಲ ಎಂದು ವೈದ್ಯಾಧಿಕಾರಿ ಅಲ್ಲೇ ಕೂತು ವಿವರಿಸಿದರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಅವನನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವಂತಿಲ್ಲ; ಅವನಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮು, 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ರೂಪದಲ್ಲಿ ಉಳಿದಿಲ್ಲ. ಕಾಯ್ದೆ ಬಂದು ಇಷ್ಟು ವರ್ಷಗಳಾದರೂ ಸುದ್ದಿ ಆ ಅಡುಗೆಮನೆಗೆ ತಲುಪಿರಲಿಲ್ಲ. ತಲುಪಿದ್ದರೆ ಬಿಡುಗಡೆಯ ಚೀಟಿಯ ಒಕ್ಕಣೆ ಬೇರೆಯಿರುತ್ತಿತ್ತು.

ಕಾಲಿನ ಚಡಪಡಿಕೆ

ಮನೆಯವರು ಕಾಯಿಲೆ ಮರುಕಳಿಸಿತು ಎಂದುಕೊಂಡದ್ದು ಔಷಧಿಯ ಅಡ್ಡಪರಿಣಾಮ. ಇದನ್ನು ಅಕತೀಸಿಯಾ ಎನ್ನುತ್ತಾರೆ. ಸೈಕೋಸಿಸ್‌ಗೆ ಕೊಡುವ ಹಲವು ಔಷಧಿಗಳಿಂದ, ಮುಖ್ಯವಾಗಿ ಶುರು ಮಾಡಿದಾಗ ಅಥವಾ ಪ್ರಮಾಣ ಏರಿಸಿದಾಗ, ಒಳಗಿನಿಂದ ತಳಮಳ ಎದ್ದು ಒಂದು ಕಡೆ ಕೂರಲಾಗದಂತಾಗುತ್ತದೆ. ಹೊರಗಿನವರಿಗೆ ಅದು ಚಡಪಡಿಕೆ. ಅನುಭವಿಸುವವರಿಗೆ ಸಹಿಸಲಾಗದ ಹಿಂಸೆ. ಮೊದಲೇ ಸಾಯುವ ಯೋಚನೆ ಇರುವವರಲ್ಲಿ ಇದು ಅಪಾಯವನ್ನು ಹೆಚ್ಚಿಸಬಲ್ಲದು. ಆ ತಾಯಿ ಪ್ರೀತಿಯಿಂದಲೇ ಒಂದು ಮಾತ್ರೆ ಜಾಸ್ತಿ ಕೊಟ್ಟಿದ್ದರೆ ಹಿಂಸೆ ಇನ್ನೂ ಏರುತ್ತಿತ್ತು.

ಮನೋವೈದ್ಯರು ಫೋನಿನಲ್ಲೇ ರಿಸ್ಪೆರಿಡೋನ್ ಪ್ರಮಾಣ ಇಳಿಸಿ, ಚಡಪಡಿಕೆ ತಗ್ಗಿಸುವ ಪ್ರೊಪ್ರನಲಾಲ್ ಸೇರಿಸಲು ಹೇಳಿದರು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಅವರೇ ಬಂದು ನೋಡಿದರು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರು ಸಿಗುವ ಏರ್ಪಾಡಿದೆ. ಈ ಮನೆಯವರಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಿಬರಲು ಒಂದಿಡೀ ದಿನ, ಇಬ್ಬರ ಬಸ್ ಚಾರ್ಜು, ಒಬ್ಬರ ಕೂಲಿ ಬೇಕು. ಮಂಗಳವಾರದ ಆ ಕೋಣೆ ಇಲ್ಲದಿದ್ದರೆ ಚಿಕಿತ್ಸೆ ಎರಡನೇ ತಿಂಗಳಿಗೇ ನಿಂತಿರುತ್ತಿತ್ತೇನೋ. ಕಾಲಿನ ಚಡಪಡಿಕೆ ಒಂದು ವಾರದೊಳಗೆ ಬಹುಮಟ್ಟಿಗೆ ಇಳಿಯಿತು. ಖಿನ್ನತೆ ಇಳಿಯಲಿಲ್ಲ. ಅದಕ್ಕೆ ಬೇರೆ ಔಷಧಿ ಶುರುವಾಯಿತು.

ಸಾಯುವ ಯೋಚನೆ ಮುಂದೆಯೂ ಬಿಡದಿದ್ದರೆ ಸ್ಕಿಜೋಫ್ರೀನಿಯಾದ ಇನ್ನೊಂದು ಔಷಧಿಯಾದ ಕ್ಲೋಜಪೀನ್‌ಗೆ ಬದಲಿಸುವುದೆಂದು ಅಂದೇ ತೀರ್ಮಾನವಾಯಿತು. ಸುಮಾರು 980 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದೇ ಕಾಯಿಲೆಗೆ ಕೊಡುವ ಓಲಾಂಜಪೀನ್ ಪಡೆದವರಿಗಿಂತ ಕ್ಲೋಜಪೀನ್ ಪಡೆದವರಲ್ಲಿ ಆತ್ಮಹತ್ಯಾ ಪ್ರಯತ್ನಗಳು ಕಡಿಮೆ ಇದ್ದವು. ಆದರೆ ಬಿಳಿ ರಕ್ತಕಣಗಳು ಕುಸಿಯುವ ಸಂಭವವಿರುವುದರಿಂದ ಮೊದಲ ತಿಂಗಳುಗಳಲ್ಲಿ ವಾರವಾರವೂ ರಕ್ತ ಪರೀಕ್ಷೆ ಆಗಬೇಕು. ಹಳ್ಳಿಯಿಂದ ಬರುವವರಿಗೆ ಇದು ಕಷ್ಟ ಎಂದು ಕ್ಲೋಜಪೀನ್ ಮಾತನ್ನೇ ಎತ್ತದ ಅಭ್ಯಾಸ ನಮ್ಮಲ್ಲಿದೆ. ಅದು ನನಗೆ ಒಪ್ಪಿಗೆಯಿಲ್ಲ. ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆಗುವ ಪರೀಕ್ಷೆಯೇ ಅದು. ಹಠ ಹಿಡಿದರೆ ಏರ್ಪಾಡು ಮಾಡಬಹುದು.

ಮನೆಯಲ್ಲಿ ಮಾಡಿಕೊಂಡ ಕಟ್ಟುಪಾಡು

ಅವನೊಂದಿಗೆ ಕೂತು ಒಂದು ಹಾಳೆ ಬರೆದೆವು. ಬರೆದದ್ದು ಅವನೇ, ಅವನದೇ ಮಾತಿನಲ್ಲಿ. ಯೋಚನೆ ಕೆಟ್ಟ ದಾರಿ ಹಿಡಿಯುವ ಮುಂಚೆ ತನಗೆ ಹೇಗಾಗುತ್ತದೆ: ಎದೆ ಬಿಗಿಯುತ್ತದೆ, ಊಟ ಸೇರುವುದಿಲ್ಲ, ಹಳೇ ಫೋಟೊ ನೋಡಬೇಕೆನಿಸುತ್ತದೆ. ಆಗ ಏನು ಮಾಡಬೇಕು: ಕೋಣೆಯಿಂದ ಹೊರಬರುವುದು, ಅಣ್ಣನ ಮಗಳ ಜೊತೆ ಕೂರುವುದು, ಆಶಾ ಅಕ್ಕನಿಗೆ ಒಂದು ಮಿಸ್ಡ್ ಕಾಲ್. ರಾತ್ರಿಯಾದರೆ ಅಣ್ಣನನ್ನು ಎಬ್ಬಿಸುವುದು. ಯಾರೂ ಸಿಗದಿದ್ದರೆ 14416. ಹಾಳೆಯನ್ನು ಅವನು ಮಡಚಿ ಮೊಬೈಲ್ ಕವರಿನೊಳಗೆ ಇಟ್ಟುಕೊಂಡ.

ತೋಟದ ಔಷಧಿಗಳು ಮನೆಯ ಹಿಂದಿನ ಕೊಟ್ಟಿಗೆಯಲ್ಲಿದ್ದವು. ಅಣ್ಣ ಅವನ್ನು ಚಿಕ್ಕಪ್ಪನ ಮನೆಯ ಬೀಗ ಹಾಕಿದ ಉಗ್ರಾಣಕ್ಕೆ ಸಾಗಿಸಿದ. ಮಾತ್ರೆಯ ಡಬ್ಬಿ ಅತ್ತಿಗೆಯ ಕಪಾಟಿಗೆ ಹೋಯಿತು; ದಿನದ್ದು ದಿನಕ್ಕೆ ಕೈಗೆ ಕೊಡುವುದು. ಮೊದಲು ಅಣ್ಣ ಹಿಂಜರಿದ: 'ಹೀಗೆಲ್ಲ ಮಾಡಿದ್ರೆ ಅವನ ಮೇಲೆ ಅನುಮಾನ ಪಟ್ಟ ಹಾಗೆ ಆಗಲ್ವಾ ಮೇಡಂ?' ಅದಕ್ಕೆ ಅವನೇ ಉತ್ತರ ಕೊಟ್ಟ: 'ಇಡು ಅಣ್ಣಾ. ನಂಗೇ ನನ್ನ ಮೇಲೆ ಧೈರ್ಯ ಇಲ್ಲದ ಹೊತ್ತು ಬರ್ತದೆ.' ಸಾಯುವ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಇಡೀ ಏರ್ಪಾಡಿನಲ್ಲಿ ಖರ್ಚಿಲ್ಲದೆ, ಅದೇ ದಿನ ಮಾಡಿ ಮುಗಿಸಬಹುದಾದದ್ದು ಇದು.

ತಾಯಿಯೊಂದಿಗೆ, ಅತ್ತಿಗೆಯೊಂದಿಗೆ ಬೇರೆ ಬೇರೆಯಾಗಿ ಮಾತಾಡಿದೆವು. ಅತ್ತಿಗೆಯನ್ನು ಯಾರೂ ಕೇಳಿಯೇ ಇರಲಿಲ್ಲ. ಎರಡು ವರ್ಷ ಅವನ ಬಟ್ಟೆ ಒಗೆದು, ಬಾಗಿಲಲ್ಲಿ ತಟ್ಟೆ ಇಟ್ಟು, ರಾತ್ರಿ ಎಚ್ಚರವಿದ್ದವಳು ಅವಳೇ. ಈಗ ಮಾತ್ರೆಯ ಜವಾಬ್ದಾರಿಯೂ ಅವಳ ಮೇಲೆ ಬಿತ್ತು. ವಾರದಲ್ಲಿ ಎರಡು ದಿನ ಆ ಕೆಲಸ ಅಣ್ಣನದೆಂದು ಅವಳ ಎದುರಿಗೇ ಗೊತ್ತು ಮಾಡಿದೆವು.

ಕೆಲಸ

ಔಷಧಿ, ಹಾಳೆ, ಬೀಗ ಇವೆಲ್ಲ ಅಂದಂದಿನ ಜೀವ ಉಳಿಸುತ್ತವೆ. 'ಈಗ ಎಲ್ಲ ಗೊತ್ತಾಗ್ತದೆ' ಎಂದ ಹುಡುಗನಿಗೆ ಬೆಳಿಗ್ಗೆ ಏಳಲು ಒಂದು ಕಾರಣ ಬೇಕಲ್ಲ. ಜಿಲ್ಲಾ ಕೇಂದ್ರದಲ್ಲಿ ಮಾನಸಧಾರಾ ಹಗಲು ಆರೈಕೆ ಕೇಂದ್ರವಿದೆ. ದಿನಾ ಹೋಗಿಬರುವಷ್ಟು ಹತ್ತಿರವಿಲ್ಲ. ಊರಲ್ಲೇ ಏನಾದರೂ ಆಗಬೇಕಿತ್ತು.

ದಾರಿ ತೋರಿದ್ದು ಅಡಿಕೆ ಸುಲಿಯುವವರು. ಜಗಲಿಯಲ್ಲಿ ಯಾರು ಎಷ್ಟು ಡಬ್ಬ ಸುಲಿದರು ಎಂಬ ಲೆಕ್ಕದಲ್ಲಿ ದಿನಾ ತಕರಾರು. ಅವರಲ್ಲಿ ಹಿರಿಯ ಹೆಂಗಸೊಬ್ಬರು 'ಓದಿದ ಮಾಣಿ ಮನೇಲೇ ಇದ್ದಾನಲ್ಲ, ಅವ ಬರೀಲಿ' ಎಂದರು. ಅವನು ಪುಸ್ತಕ ಹಿಡಿದು ಕೂತ. ಮೊದಲ ದಿನ ಒಂದು ಗಂಟೆಯೂ ಕೂರಲಾಗಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಕೊಯ್ಲು ಮುಗಿಯುವ ಹೊತ್ತಿಗೆ ಸಂಜೆಯ ಬಟವಾಡೆ ಅವನದಾಗಿತ್ತು. ಆಮೇಲೆ ಚಿಕ್ಕಪ್ಪನ ಮನೆಯ ಪಂಪು ಕೆಟ್ಟಾಗ ಕರೆ ಬಂತು. ಪಕ್ಕದ ಮನೆಯ ಹುಡುಗ ಸ್ಪ್ಯಾನರ್ ಸೆಟ್ಟು ತಂದುಕೊಟ್ಟ.

ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಸ್ಕಿಜೋಫ್ರೀನಿಯಾ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ನಿಮ್ಹಾನ್ಸ್ ತಂಡಕ್ಕೆ, ಚಿಕಿತ್ಸೆ ಮುಂದುವರಿಸಿದವರಲ್ಲಿ ದಿನನಿತ್ಯದ ಬದುಕಿನ ಅಸಾಮರ್ಥ್ಯ ಕಡಿಮೆಯಿರುವುದು ಕಂಡಿತು. ಹಳ್ಳಿಯಲ್ಲಿ ಈ ಕೆಲಸ ಸಾಧ್ಯ ಎಂಬುದಕ್ಕೆ ನಮ್ಮ ನೆಲದಲ್ಲೇ ಪುರಾವೆಯಿದೆ. ಕೊರತೆಯಿರುವುದು ಬಿಡುಗಡೆಯಾದವರ ಪಟ್ಟಿ ಅದೇ ವಾರ ಆಯಾ ಊರಿನ ಆಶಾಗೆ ತಲುಪುವ ಪದ್ಧತಿಯಲ್ಲಿ. ಈ ಪ್ರಕರಣದಲ್ಲಿ ಆಶಾ ಆ ಮನೆಗೆ ಹೋದದ್ದು ರಕ್ತಹೀನತೆಯ ಮಾತ್ರೆಗೆ. ಇದು ಕಾಕತಾಳೀಯವಾಗಿ ಉಳಿಯಬಾರದು. ಬಿಡುಗಡೆಯಾದ ಮೊದಲ ವಾರದಲ್ಲೇ ಒಂದು ಭೇಟಿ, ಮೂರು ತಿಂಗಳು ವಾರಕ್ಕೊಂದು ವಿಚಾರಣೆ ಎಂಬುದು ನಮ್ಮ ತಾಲ್ಲೂಕಿನಲ್ಲಿ ಆಮೇಲೆ ರೂಢಿಗೆ ಬಂತು.

ಮದುವೆಯ ರಾತ್ರಿ

ಎಲ್ಲವೂ ನೇರ ಗೆರೆಯಲ್ಲಿ ಸಾಗಲಿಲ್ಲ. ಮೂರನೇ ತಿಂಗಳು ಚಿಕ್ಕಪ್ಪನ ಮಗನ ಮದುವೆ. ಅವನಿಗಿಂತ ಚಿಕ್ಕವನು. ಚಪ್ಪರದಲ್ಲಿ ಯಾರೋ 'ನಿಂಗೆ ಯಾವಾಗ? ಓಹ್, ನಿಂಗೆ ಅದು...' ಎಂದು ಅರ್ಧಕ್ಕೇ ನಿಲ್ಲಿಸಿದರಂತೆ. ಆ ರಾತ್ರಿ ಮನೆಯವರೆಲ್ಲ ದಣಿದು ಮಲಗಿದ್ದಾಗ ಅವನು ಹಾಳೆ ತೆಗೆದ. ಅಣ್ಣನನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. 14416ಕ್ಕೆ ಕರೆ ಮಾಡಿದ. ಆ ಕಡೆಯವರು ಬಹಳ ಹೊತ್ತು ಮಾತಾಡಿ, ಅಣ್ಣನನ್ನು ಎಬ್ಬಿಸಲು ಅವನನ್ನೇ ಒಪ್ಪಿಸಿ, ಅಣ್ಣ ಫೋನಿಗೆ ಬರುವವರೆಗೆ ಲೈನಿನಲ್ಲೇ ಇದ್ದರು. ಬೆಳಿಗ್ಗೆ ಅಣ್ಣ ನನಗೆ ಕರೆ ಮಾಡಿದಾಗ ಅವನ ದನಿಯಲ್ಲಿದ್ದದ್ದು ಗಾಬರಿಗಿಂತ ಹೆಚ್ಚಾಗಿ ಸಮಾಧಾನ: 'ಎಬ್ಬಿಸಿದ ಮೇಡಂ. ಅವನೇ ಎಬ್ಬಿಸಿದ.' ಅಂದೇ ಮನೋವೈದ್ಯರು ಔಷಧಿ ಪರಿಶೀಲಿಸಿದರು. ಎರಡು ವಾರ ಆಶಾ ದಿನಾ ಹೋಗಿಬಂದಳು.

ಮಳೆಗಾಲಕ್ಕೆ ಮೊದಲು

ಇದನ್ನು ಬರೆಯುವ ಹೊತ್ತಿಗೆ ಅವನು ಔಷಧಿಯಲ್ಲಿದ್ದಾನೆ, ಪಂಪು ರಿಪೇರಿಗೆ ಸುತ್ತಲಿನ ಊರುಗಳಿಂದ ಕರೆ ಬರುತ್ತದೆ. ಸಾಯುವ ಯೋಚನೆ ಪೂರ್ತಿ ಹೋಗಿಲ್ಲ, ಬಂದಾಗ ಹೇಳುತ್ತಾನೆ. ಕ್ಲೋಜಪೀನ್ ವಿಚಾರ ಇನ್ನೂ ತೆರೆದೇ ಇದೆ.

ಈಗಿನ ಚಿಂತೆ ಮಳೆಗಾಲದ್ದು. ಹೊಳೆ ತುಂಬಿದರೆ ಬಸ್ ನಿಲ್ಲುತ್ತದೆ, ಮಂಗಳವಾರದ ಭೇಟಿ ತಪ್ಪುತ್ತದೆ, ಮಾತ್ರೆ ಮುಗಿಯುತ್ತದೆ. ಹಾಗೆಂದು ಎರಡು ತಿಂಗಳ ಮಾತ್ರೆಯನ್ನು ಒಟ್ಟಿಗೆ ಮನೆಗೆ ಕೊಡುವುದೂ ಕ್ಷೇಮವಲ್ಲ. ಮಾತ್ರೆ ತಪ್ಪಿದರೆ ಕಾಯಿಲೆ ಮರುಕಳಿಸುವ ಭಯ, ಹೆಚ್ಚು ಕೊಟ್ಟರೆ ಜೀವದ ಭಯ. ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನ ಮಾತೂ ಬಂತು; ಅವನಿಗೆ ಸದ್ಯಕ್ಕೆ ಬೇಡ, ಅವನ ಮಾತನ್ನು ವೈದ್ಯರು ಒಪ್ಪಿದ್ದಾರೆ. ಹೊಳೆಯ ಈಚೆಗೇ ಇರುವ ಉಪಕೇಂದ್ರದ ಬೀರುವಿನಲ್ಲಿ ಅವನ ಹೆಸರಿನ ಡಬ್ಬಿ ಇಡುವುದು, ಶುಕ್ರವಾರ ಶುಕ್ರವಾರ ಆಶಾ ಒಂದು ವಾರದ್ದನ್ನು ಅತ್ತಿಗೆಯ ಕೈಗೆ ಒಪ್ಪಿಸುವುದು, ಮಂಗಳವಾರ ಮನೋವೈದ್ಯರು ಅಲ್ಲಿಗೇ ಫೋನ್ ಮಾಡಿ ಅವನೊಂದಿಗೆ ಮಾತಾಡುವುದು ಎಂದು ಗೊತ್ತುಮಾಡಿದ್ದೇವೆ. ಉಪಕೇಂದ್ರದ ಸೂಲಗಿತ್ತಿ ನರ್ಸು ಬೀಗದ ಎರಡನೇ ಕೈ ಆಶಾಗೆ ಕೊಟ್ಟಿದ್ದಾರೆ. ಆಶಾ ರಜೆ ಹಾಕಿದ ವಾರ ಯಾರು ಹೋಗಬೇಕೆಂಬುದೊಂದು ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ಸಭೆಯ ಪಟ್ಟಿಯಲ್ಲಿ ಅದೇ ಮೊದಲನೆಯದು.